ಚಾವಿ ಕೊಟ್ಟವರ ಹೊಣೆ



ನಮ್ಮ ಭಾಗದ ಮಾತಿನಲ್ಲಿ ಕೈಗಡ ಎಂಬ ಶಬ್ದವಿದೆ. ಸಾಲಕ್ಕೂ ಕೈಗಡಕ್ಕೂ ಇರುವ ಅಂತರವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಸಾಲಕ್ಕೆ ಬಡ್ಡಿ ಇದೆ, ಕಾಗದ ಇದೆ, ಸಾಕ್ಷಿ ಇದೆ. ಕೈಗಡಕ್ಕೆ ಕೇಳಿದವನ ಮುಖ ಮತ್ತು ಕೊಟ್ಟವನ ಮನಸ್ಸು ಸಾಕು. ಕಾಗದ ಕೇಳಿದರೆ ಕೈಗಡವೂ ಉಳಿಯುವುದಿಲ್ಲ, ಗೆಳೆತನವೂ ಉಳಿಯುವುದಿಲ್ಲ. ಹಿಂದೆ ಬಿತ್ತನೆ ಬೀಜ, ಕೂರಿಗೆ, ಜೋಡೆತ್ತು, ಚಕ್ಕಡಿ ಹೀಗೆ ಮನೆಯಿಂದ ಮನೆಗೆ ಹೋಗುತ್ತಿದ್ದವು. ಈಗ ಕಾರು ಹೋಗುತ್ತದೆ. ಸವಣೂರು ತಾಲೂಕಿನ ಯಾವುದೇ ಊರಿನಲ್ಲಿ ಓಣಿಗೊಂದು ಕಾರಿದ್ದರೆ ಅದು ಅರ್ಧ ಓಣಿಯ ಕಾರು. ನಡುರಾತ್ರಿ ಹೆರಿಗೆ ಬೇನೆ ಬಂದವಳನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಒಯ್ಯಲು, ಮದುವೆಗೆ ಬೀಗರನ್ನು ಕರೆತರಲು, ಪರೀಕ್ಷೆಗೆ ತಡವಾದ ಹುಡುಗಿಯನ್ನು ಹಾವೇರಿಗೆ ಬಿಡಲು ಅದು ಓಡುತ್ತದೆ. 'ಚಾವಿ ಕೊಡಪಾ, ಎರಡು ತಾಸಿನಾಗ ಬರ್ತೀನಿ' ಎಂಬ ಮಾತಿಗೆ ಇಲ್ಲವೆನ್ನುವುದು ನಮ್ಮಲ್ಲಿ ಬಹಳ ಕಷ್ಟ.

ಆ ಚಾವಿಯ ಜೊತೆಗೆ ಏನೇನು ಕೈ ದಾಟುತ್ತದೆ, ಏನು ದಾಟದೆ ಕೊಟ್ಟವನ ಹತ್ತಿರವೇ ಉಳಿಯುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ.

ಕೈಗಡದ ಬಗ್ಗೆ ನಮ್ಮ ನಾಡು ಮೊದಲಿನಿಂದಲೂ ಯೋಚಿಸಿದೆ. ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರ ಬರೆದ ಮಿತಾಕ್ಷರ ವ್ಯಾಖ್ಯಾನ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದ್ದು; ಅವನು ಆಳಿದ್ದು 1076ರಿಂದ 1126ರವರೆಗೆ. ಬನವಾಸಿ, ಬಂಕಾಪುರದ ಈ ಸೀಮೆಯೂ ಆ ರಾಜ್ಯದ ಭಾಗವೇ. ಇಂದಿನ ಕಲಬುರಗಿ ಜಿಲ್ಲೆಯ ಮರತೂರಿನೊಂದಿಗೆ ವಿಜ್ಞಾನೇಶ್ವರನ ಹೆಸರು ಕೂಡಿಕೊಂಡಿದೆ. ಮಿತಾಕ್ಷರ ಎಂದೊಡನೆ ನಮ್ಮ ವಕೀಲರಿಗೆ ಆಸ್ತಿಯ ಪಾಲು ನೆನಪಾಗುತ್ತದೆ. ಅದೇ ಗ್ರಂಥದ ವ್ಯವಹಾರ ಭಾಗದಲ್ಲಿ ಒಬ್ಬರ ವಸ್ತು ಇನ್ನೊಬ್ಬರ ವಶದಲ್ಲಿರುವಾಗಿನ ನಿಯಮಗಳೂ ಇವೆ. ಅಲ್ಲಿ 'ಯಾಚಿತ' ಎಂದೊಂದು ವರ್ಗ ಬರುತ್ತದೆ. ಮದುವೆ ಮುಂಜಿಗಳಿಗೆಂದು ಬೇಡಿ ತಂದ ಬಟ್ಟೆ, ಒಡವೆ ಎಂದು ವಿಜ್ಞಾನೇಶ್ವರ ಅದನ್ನು ಬಿಡಿಸುತ್ತಾನೆ. ನಮ್ಮ ಕೈಗಡವೆಂದರೆ ಇದೇ. ದೈವದಿಂದಲೋ ರಾಜನಿಂದಲೋ ಕಳ್ಳರಿಂದಲೋ ವಸ್ತು ಹೋದರೆ ಪಡೆದವನು ತೆರಬೇಕಾಗಿಲ್ಲ. ಕೇಳಿದಾಗ ಕೊಡದೆ ಇಟ್ಟುಕೊಂಡಿದ್ದು ಆಮೇಲೆ ಹಾಳಾದರೆ ಬೆಲೆಯನ್ನೂ ತೆರಬೇಕು, ಅಷ್ಟೇ ದಂಡವನ್ನೂ ತೆರಬೇಕು.

1872ರ ಭಾರತೀಯ ಕರಾರು ಅಧಿನಿಯಮವೂ ಇದೇ ಹಾದಿಯಲ್ಲಿ ನಡೆಯುತ್ತದೆ. ವಸ್ತುವನ್ನು ಒಂದು ಉದ್ದೇಶಕ್ಕೆ ಒಪ್ಪಿಸಿ ಮರಳಿ ಪಡೆಯುವ ಈ ಸಂಬಂಧಕ್ಕೆ ಅದು ಬೇಲ್‌ಮೆಂಟ್ ಎಂದು ಹೆಸರಿಟ್ಟಿತು. ಆ ಕಾಲಕ್ಕೆ ಕಾರು ಇರಲಿಲ್ಲವಾದ್ದರಿಂದ ಅದರ ಕೆಲವು ಉದಾಹರಣೆಗಳು ಕುದುರೆಯ ಮೇಲೆ ಬರುತ್ತವೆ. ಪುಂಡ ಕುದುರೆಯೆಂದು ಗೊತ್ತಿದ್ದೂ ಹೇಳದೆ ಕೊಟ್ಟವನು, ಸವಾರ ಬಿದ್ದು ಪೆಟ್ಟಾದರೆ ಹೊಣೆ ಹೊರಬೇಕು. ನಿನ್ನ ಸವಾರಿಗೆ ಮಾತ್ರ ಎಂದು ಪಡೆದ ಕುದುರೆಯನ್ನು ಮನೆಯವನೊಬ್ಬನಿಗೆ ಕೊಟ್ಟರೆ, ಅವನು ಎಷ್ಟೇ ಜೋಪಾನವಾಗಿ ಓಡಿಸಿದ್ದರೂ ಕುದುರೆಗಾದ ಪೆಟ್ಟಿಗೆ ಪಡೆದವನೇ ಹೊಣೆ. ಕುದುರೆಯ ಜಾಗದಲ್ಲಿ ಕಾರನ್ನು ಇಟ್ಟು ಓದಿಕೊಳ್ಳಿ, ಇಂದಿಗೂ ಸರಿಹೋಗುತ್ತದೆ. ಬ್ರೇಕು ಹಿಡಿಯುತ್ತಿಲ್ಲವೆಂದು ಗೊತ್ತಿದ್ದರೆ ಚಾವಿ ಕೊಡುವಾಗಲೇ ಹೇಳಬೇಕು. ಎತ್ತು ಕೊಡುವಾಗ 'ಎಡಗಡಿದು ಒದಿತೈತಿ, ಜ್ವಾಕಿ' ಎಂದು ಹೇಳದೆ ಕೊಟ್ಟ ರೈತನನ್ನು ನಾನಂತೂ ಕಂಡಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಆ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಮಿತಾಕ್ಷರದಲ್ಲಾಗಲಿ, ಕರಾರು ಅಧಿನಿಯಮದ ಈ ಭಾಗದಲ್ಲಾಗಲಿ ಇರುವವರು ಇಬ್ಬರೇ ಎಂಬುದನ್ನು ತಾವು ಗಮನಿಸಬೇಕು. ಕೊಟ್ಟವನು ಒಬ್ಬ, ಪಡೆದವನು ಒಬ್ಬ. 'ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ' ಎಂಬ ನಮ್ಮ ಗಾದೆಯಲ್ಲೂ ಇಬ್ಬರೇ. ಒಡವೆ ಕಳೆದರೆ ನಷ್ಟ ಇವರಿಬ್ಬರ ನಡುವಿನದು. ಎತ್ತು ಕುಂಟಾದರೂ ಅಷ್ಟೆ. ಕಾರು ಬೇರೆ. ಅದು ಅಂಗಳ ದಾಟಿದ ಕ್ಷಣದಿಂದ ಈ ಗೆಳೆತನದ ಗಂಧವೂ ಇಲ್ಲದ ಮೂರನೆಯವನೊಬ್ಬ ಸಂಬಂಧದೊಳಗೆ ಬರುತ್ತಾನೆ. ಹೆದ್ದಾರಿ ದಾಟುತ್ತಿರುವ ಮುದುಕಿ, ಹೊಲದಿಂದ ಸೈಕಲ್ ಮೇಲೆ ಮರಳುವ ಕೂಲಿಯವನು, ಶಾಲೆ ಬಿಟ್ಟ ಮಗು. ಶಿಗ್ಗಾಂವಿಯಿಂದ ರಾಣೆಬೆನ್ನೂರಿನ ತನಕ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುವ ಈಗಿನ 48ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಿಗಿರುವ ಊರಿನವರಿಗೆ ಈ ಮೂರನೆಯವನು ಯಾರೆಂದು ನಾನು ಹೇಳಬೇಕಾಗಿಲ್ಲ. ಚಾವಿ ಕೊಡುವಾಗ ಅವನನ್ನು ಯಾರೂ ಕೇಳಿರಲಿಲ್ಲ. ಕೊಟ್ಟವನ ಔದಾರ್ಯದಿಂದ ಅವನಿಗೆ ಲಾಭವಿಲ್ಲ. ಪೆಟ್ಟು ಮಾತ್ರ ಅವನದು.

ಮೋಟಾರು ಕಾನೂನು ಹುಟ್ಟಿದ್ದು ಈ ಮೂರನೆಯವನಿಗಾಗಿ. ಅದು ಗೆಳೆತನವನ್ನು ಅವನ ಕಣ್ಣಿನಿಂದ ನೋಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮೊದಲ ನೋಟಕ್ಕೆ ಅನ್ಯಾಯವೆನಿಸುವ ಅದರ ಹಲವು ನಿಯಮಗಳಿಗೆ ಅರ್ಥ ಸಿಗುತ್ತದೆ.

ಇಂಗ್ಲೆಂಡಿನ ಹಳೆಯ ತತ್ವವನ್ನು ಮೊದಲು ನೋಡೋಣ. ಅಲ್ಲಿ ಮಾಲೀಕನೆಂಬ ಒಂದೇ ಕಾರಣಕ್ಕೆ ಯಾರೂ ಹೊಣೆಯಾಗುವುದಿಲ್ಲ. ಓಡಿಸಿದವನು ಅವನ ನೌಕರನೋ ಪ್ರತಿನಿಧಿಯೋ ಆಗಿರಬೇಕು. 1953ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ ಮಾಲೀಕನೊಬ್ಬ ತನ್ನ ಕಾರನ್ನು ಮಾಂಟೆ ಕಾರ್ಲೊಗೆ ತರುವಂತೆ ಗೆಳೆಯನಿಗೆ ಹೇಳಿದ್ದ. ಆಮೇಲೆ ಇಬ್ಬರೂ ಅದೇ ಕಾರಿನಲ್ಲಿ ರಜೆ ಕಳೆಯುವ ಯೋಜನೆ. ದಾರಿಯಲ್ಲಿ ಅಪಘಾತವಾಯಿತು. ಪ್ರಯಾಣದಲ್ಲಿ ಮಾಲೀಕನ ಹಿತವೂ ಸೇರಿದ್ದರಿಂದ ಅವನು ಹೊಣೆಗಾರನಾದ. 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇದಕ್ಕೆ ಎಲ್ಲೆ ಹಾಕಿತು. ಹೆಂಡತಿಯ ಕಾರನ್ನು ಒಯ್ದ ಗಂಡ ಕುಡಿದಿದ್ದರಿಂದ ಗೆಳೆಯನ ಕೈಗೆ ಸ್ಟಿಯರಿಂಗ್ ಕೊಟ್ಟ. ಆ ಗೆಳೆಯನ ತಪ್ಪಿಗೆ ಮನೆಯಲ್ಲಿದ್ದ ಹೆಂಡತಿ ಹೊಣೆಯಲ್ಲ ಎಂದಿತು. ಅನುಮತಿ ಕೊಡುವುದು ಬೇರೆ, ತನ್ನ ಕೆಲಸಕ್ಕೆ ಕಳಿಸುವುದು ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ಮಾತ್ರ 1920ರಿಂದಲೇ ಬೇರೆ ದಾರಿ: ಕಾರು ಅಪಾಯಕಾರಿ ಸಾಧನ, ಒಪ್ಪಿ ಕೊಟ್ಟವನು ಹೊಣೆ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಗೆಳೆಯರಿಗೆ ಕಾರು ಕೊಡುವ ಮುನ್ನ ಈ ಅಂತರ ತಿಳಿದಿರಬೇಕು.

ನಮ್ಮ ಸುಪ್ರೀಂ ಕೋರ್ಟು 1966ರಲ್ಲಿ ಬಹುಮತದಿಂದ ಇಂಗ್ಲೆಂಡಿನ ದಾರಿಯನ್ನೇ ಹಿಡಿಯಿತು. ಅಹಮದಾಬಾದಿನಲ್ಲಿ ಟ್ಯಾಕ್ಸಿ ಓಡಿಸಲೆಂದು ಮಾಲೀಕ ಒಬ್ಬನಿಗೆ ಒಪ್ಪಿಸಿದ್ದ ಗಾಡಿಯನ್ನು ಅವನು ಲೈಸೆನ್ಸ್ ಪರೀಕ್ಷೆಗೆಂದು ಇನ್ನೊಬ್ಬನಿಗೆ ಕೊಟ್ಟ. ಪರೀಕ್ಷೆಯ ವೇಳೆಯಲ್ಲೇ ಅಪಘಾತವಾಯಿತು. ಅದು ಮಾಲೀಕನ ಕೆಲಸವಲ್ಲ, ಅವನು ಹೊಣೆಯಲ್ಲ ಎಂದಾಯಿತು. ತರ್ಕದಲ್ಲಿ ತೂತಿಲ್ಲ. ಆದರೆ ಪೆಟ್ಟು ತಿಂದವನ ಬದಿಯಲ್ಲಿ ನಿಂತು ನೋಡಿ. ಓಡಿಸಿದವನ ಕೈಯಲ್ಲಿ ಕಾಸಿಲ್ಲ, ಕಾಸಿದ್ದವನು ಹೊಣೆಯಲ್ಲ.

ಈ ಕಂದರವನ್ನು ಮುಚ್ಚಿದ್ದು ವಿಮೆ. 1939ರ ಮೋಟಾರು ವಾಹನ ಅಧಿನಿಯಮದಲ್ಲಿ ಕಡ್ಡಾಯ ವಿಮೆಯ ಅಧ್ಯಾಯವಿದ್ದರೂ ಅದು ಜಾರಿಯಾದದ್ದು 1946ರ ಜುಲೈ 1ರಿಂದ. ಪರಿಹಾರ ನ್ಯಾಯಮಂಡಳಿಗಳಿಗೆ ದಾರಿಯಾದದ್ದು 1956ರ ತಿದ್ದುಪಡಿಯಿಂದ. 1988ರ ಈಗಿನ ಅಧಿನಿಯಮ 1989ರ ಜುಲೈ 1ರಂದು ಜಾರಿಗೆ ಬಂತು. ಅದರ 146ನೆಯ ಕಲಮಿನ ಪ್ರಕಾರ ಮೂರನೆಯವರ ಹಾನಿಗೆ ವಿಮೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನವನ್ನು ತಾನೂ ಬಳಸಬಾರದು, ಇನ್ನೊಬ್ಬರಿಗೆ ಬಳಸಲೂ ಬಿಡಬಾರದು. 'ಬಳಸಲು ಬಿಡುವುದು' ಎಂಬ ಮಾತಿನಲ್ಲಿ ನಮ್ಮ ಕೈಗಡ ಪೂರ್ತಿಯಾಗಿ ಬಂತು. ಹಳೆಯ ಕಾನೂನಿನಲ್ಲೂ ಇದ್ದ ಈ ಮಾತಿನ ಅರ್ಥವನ್ನು 1988ರಲ್ಲಿ ಗೋವೆಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಿಗ್ಗಿಸಿತು. ದುರಸ್ತಿಗೆ ಬಿಟ್ಟ ಗಾಡಿಯನ್ನು ಗ್ಯಾರೇಜಿನವನು ಓಡಿಸಿದಾಗ ಆದ ಅಪಘಾತಕ್ಕೂ ಮಾಲೀಕನ ವಿಮಾ ಕಂಪನಿ ಪರಿಹಾರ ಕೊಡಬೇಕೆಂದಿತು. ಆ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ. ಮುಂದೆ ಅವರು ದೇಶದ ಮುಖ್ಯ ನ್ಯಾಯಮೂರ್ತಿಯಾದರು.

ಹಾಗಾದರೆ ಇಂದಿನ ಸ್ಥಿತಿ ಏನು? ಚಾಲ್ತಿಯಲ್ಲಿರುವ ವಿಮೆ, ಲೈಸೆನ್ಸ್ ಇರುವ ಗೆಳೆಯ, ಬಾಡಿಗೆಯಿಲ್ಲದ ಬಳಕೆ, ಈ ಮೂರೂ ಇದ್ದರೆ ಕೈಗಡ ಕೊಟ್ಟವನು ಹೆದರಬೇಕಾದ್ದು ಬಹಳವಿಲ್ಲ. ಅವನ ಅನುಮತಿಯಿಂದ ಓಡಿಸುವ ಲೈಸೆನ್ಸುದಾರನಿಗೂ ಖಾಸಗಿ ಕಾರಿನ ಪಾಲಿಸಿ ಅನ್ವಯಿಸುತ್ತದೆ. ನ್ಯಾಯಮಂಡಳಿಯ ನೋಟೀಸು ಮನೆಗೆ ಬರುತ್ತದೆ, ತೀರ್ಪಿನಲ್ಲಿ ಹೆಸರೂ ಇರುತ್ತದೆ. ಹಣ ಕೊಡುವುದು ಕಂಪನಿ. ಊರಲ್ಲಿ ಹಬ್ಬಿರುವ 'ಬೇರೆಯವರು ಓಡಿಸಿದರೆ ಇನ್ಶೂರೆನ್ಸ್ ಇಲ್ಲ' ಎಂಬ ಮಾತು ಸುಳ್ಳು. ಈ ಮೂರರಲ್ಲಿ ಒಂದು ತಪ್ಪಿದಾಗ ತೊಡಕು ಶುರುವಾಗುತ್ತದೆ.

ಲೈಸೆನ್ಸಿನ ವಿಷಯವನ್ನು ತುಸು ವಿಸ್ತರಿಸುತ್ತೇನೆ. ಲೈಸೆನ್ಸ್ ಇಲ್ಲದವನಿಗೆ ವಾಹನ ಕೊಡಬಾರದೆಂದು ಅಧಿನಿಯಮದ 5ನೆಯ ಕಲಮು ಮಾಲೀಕನಿಗೇ ನೇರವಾಗಿ ಹೇಳುತ್ತದೆ. ಮೀರಿದರೆ 180ನೆಯ ಕಲಮಿನಡಿ ಮೂರು ತಿಂಗಳವರೆಗೆ ಸೆರೆ, ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುನ್ನ ಈ ದಂಡ 1,000 ಇತ್ತು. ಮಾಲೀಕನಷ್ಟೇ ಅಲ್ಲದೆ ವಾಹನ ಯಾರ ಉಸ್ತುವಾರಿಯಲ್ಲಿದೆಯೋ ಅವನೂ ಇದರೊಳಗೆ ಬರುತ್ತಾನೆ. ಕೈಗಡ ಒಯ್ದ ಗೆಳೆಯ ಅದನ್ನು ತನ್ನ ತಮ್ಮನ ಕೈಗೆ ದಾಟಿಸಿದರೆ ಅವನಿಗೂ ಬಿಡುಗಡೆಯಿಲ್ಲ.

ಪರಿಹಾರದ ಲೆಕ್ಕ ಇದಕ್ಕಿಂತ ದೊಡ್ಡದು. ಲೈಸೆನ್ಸಿಲ್ಲದವನು ಓಡಿಸಿದರೆ ಕಂಪನಿ ಕೈತೊಳೆದುಕೊಳ್ಳಬಹುದೇ ಎಂಬ ಪ್ರಶ್ನೆ ದಶಕಗಳ ಕಾಲ ನ್ಯಾಯಾಲಯಗಳನ್ನು ಕಾಡಿತು. ಸ್ವರ್ಣ ಸಿಂಗ್ ಪ್ರಕರಣವೆಂದು ವಕೀಲರ ಬಾಯಲ್ಲಿ ನಿಂತಿರುವ 2004ರ ಜನವರಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಒಂದು ತೂಕ ಕಂಡುಕೊಂಡಿತು. ಲೈಸೆನ್ಸ್ ಇರಲಿಲ್ಲವೆಂದು ತೋರಿಸಿದರಷ್ಟೇ ಸಾಲದು. ಸಾಕಷ್ಟು ಎಚ್ಚರ ವಹಿಸದೆ ಮಾಲೀಕ ವಾಹನ ಕೊಟ್ಟ ಎಂಬುದನ್ನೂ ಕಂಪನಿಯೇ ರುಜುವಾತು ಮಾಡಬೇಕು. ರುಜುವಾತಾದಾಗಲೂ ಮೊದಲು ನೊಂದವನಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಕೋರ್ಟಿನ ಕಟ್ಟೆಯ ಮೇಲೆ 'ಪೇ ಅಂಡ್ ರಿಕವರಿ' ಎಂದು ಕೇಳಿಬರುವುದು ಇದೇ. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ಪಾಲಿಸಿಯ ಷರತ್ತು ಮುರಿದ ಪ್ರಕರಣಗಳಲ್ಲಿ ಈ ಕ್ರಮವನ್ನು ಎತ್ತಿಹಿಡಿಯಿತು. ನೊಂದವನ ಮನೆಗೆ ಹಣ ಮುಟ್ಟಿತು, ಸರಿ. ಆ ಹಣದ ಬೆನ್ನು ಹತ್ತಿ ಕಂಪನಿ ಬರುವುದು ಚಾವಿ ಕೊಟ್ಟವನ ಹೊಲದ ತನಕ.

'ಸಾಕಷ್ಟು ಎಚ್ಚರ' ಎಂದರೆ ಎಷ್ಟು? 2003ರ ಒಂದು ತೀರ್ಪು ಇದಕ್ಕೆ ಮನುಷ್ಯರು ಪಾಲಿಸಬಹುದಾದ ಉತ್ತರ ಕೊಟ್ಟಿದೆ. ಲೈಸೆನ್ಸ್ ನೋಡಿದರೆ ಅದು ಸಾಚಾ ಎನಿಸಬೇಕು, ಓಡಿಸಲು ಬರುತ್ತದೆಂದು ಮನವರಿಕೆಯಾಗಬೇಕು, ಸಾಕು. ಆರ್‌ಟಿಓ ಕಚೇರಿಗೆ ಹೋಗಿ ಅದು ಖೊಟ್ಟಿಯೇ ಎಂದು ತನಿಖೆ ಮಾಡಬೇಕಾಗಿಲ್ಲ. ಆ ಪ್ರಕರಣ ಚಾಲಕನನ್ನು ನೇಮಿಸಿಕೊಂಡ ಮಾಲೀಕನದು. ಗೆಳೆಯನ ವಿಷಯದಲ್ಲಿ ನಾವು ಅದಕ್ಕಿಂತ ಹೆಚ್ಚು ಬಲ್ಲವರು, ಹಾಗಾಗಿ ನೆಪಕ್ಕೆ ಜಾಗ ಕಡಿಮೆ. ಹತ್ತು ವರ್ಷದಿಂದ ಜೊತೆಗಿರುವವನಿಗೆ ಲೈಸೆನ್ಸ್ ಇಲ್ಲವೆಂದು ನನಗೆ ತಿಳಿದಿರಲಿಲ್ಲ ಎಂದರೆ ನಂಬುವವರು ಯಾರು?

ಕುಡಿತವೂ ಈ ಸಾಲಿಗೆ ಸೇರಿತು. 2019ರ ತಿದ್ದುಪಡಿಯ ವಿಮಾ ಭಾಗ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ಓಡಿಸಿದ್ದು ಕಂಪನಿಯ ಆಕ್ಷೇಪಗಳಲ್ಲಿ ಒಂದೆಂದು ಅದರ 150ನೆಯ ಕಲಮಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಮದುವೆಯ ಹಿಂದಿನ ರಾತ್ರಿ ಕಾರು ಕೇಳಿಕೊಂಡು ಬರುವವರ ಬಗ್ಗೆ ಇಷ್ಟು ಹೇಳಿದರೆ ಸಾಕು.

ಹದಿನೆಂಟು ತುಂಬದವನ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. 199-ಎ ಕಲಮಿನ ಪ್ರಕಾರ ಬಾಲಕ ಅಪರಾಧವೆಸಗಿದರೆ ಪಾಲಕ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥನೆಂದು ನ್ಯಾಯಾಲಯ ಭಾವಿಸುತ್ತದೆ. ತನಗೆ ಗೊತ್ತಿರಲಿಲ್ಲ, ಅಥವಾ ತಡೆಯಲು ತಕ್ಕ ಪ್ರಯತ್ನ ಮಾಡಿದ್ದೆ ಎಂದು ತೋರಿಸುವ ಭಾರ ಅವನ ಮೇಲೆಯೇ. ಶಿಕ್ಷೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. ಜೊತೆಗೆ ಹನ್ನೆರಡು ತಿಂಗಳು ವಾಹನದ ನೋಂದಣಿ ರದ್ದು, ಆ ಬಾಲಕನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ನ್ಯಾಯಾಲಯಗಳು ಇಪ್ಪತ್ತೈದು ಸಾವಿರದ ಈ ದಂಡವನ್ನು ಹಾಕುತ್ತಲೇ ಇವೆ. ಗೆಳೆಯ ಕೇಳಿದನೆಂದು ಕೊಟ್ಟು, ಗೆಳೆಯನ ಮಗ ಓಡಿಸಿದರೆ ಹೆಸರು ಬರುವುದು ಮಾಲೀಕನದೇ.

ಬಾಡಿಗೆಯ ಮಾತು ಎರಡೇ ವಾಕ್ಯ. ಗೆಳೆಯ ಟ್ಯಾಂಕ್ ತುಂಬಿಸಿ ತರುವುದು ಬೇರೆ, ದಿನಕ್ಕಿಷ್ಟು ಎಂದು ಮಾತಾಡಿ ಬಿಳಿ ಬೋರ್ಡಿನ ಕಾರು ಕೊಡುವುದು ಬೇರೆ. ಎರಡನೆಯದರಲ್ಲಿ ಪರವಾನಗಿಯೂ ಇಲ್ಲ, ಪಾಲಿಸಿಯ ಷರತ್ತೂ ಮುರಿದಂತೆ.

ಇನ್ನು ಕೊಡುವುದರ ಇನ್ನೊಂದು ಬಗೆಗೆ ಬರುತ್ತೇನೆ: ಮರಳಿ ಪಡೆಯದಂತೆ ಕೊಡುವುದು. ಹಳೆಯ ಕಾರನ್ನು ಗೆಳೆಯನಿಗೆ ಮಾರಿದೆವು, ಅಥವಾ 'ಒಯ್ಯಪಾ, ನಿನಗ ಇರಲಿ' ಎಂದು ಸುಮ್ಮನೆ ಕೊಟ್ಟೆವು. ಆಸ್ತಿ ವರ್ಗಾವಣೆ ಕಾನೂನಿನ ಪ್ರಕಾರ ಚರ ವಸ್ತುವಿನ ದಾನಕ್ಕೆ ವಸ್ತುವನ್ನು ಕೈಗೊಪ್ಪಿಸುವುದೇ ಸಾಕು. ಕಾರು ಗೆಳೆಯನದಾಯಿತು. ಆದರೆ ಮೋಟಾರು ಕಾನೂನಿನ 2(30)ನೆಯ ಕಲಮು ಮಾಲೀಕ ಯಾರು ಎಂಬುದಕ್ಕೆ ಬೇರೆಯೇ ಅಳತೆಗೋಲು ಹಿಡಿದಿದೆ: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನು. 1939ರ ಕಾನೂನಿನ ವ್ಯಾಖ್ಯೆಯಲ್ಲಿ ಈ ಮಾತು ಇರಲಿಲ್ಲ, 1988ರಲ್ಲಿ ಬೇಕೆಂದೇ ತಂದರು. ಹೀಗಾಗಿ ಸ್ವತ್ತು ದಾಟುತ್ತದೆ, ಹೊಣೆ ದಾಟುವುದಿಲ್ಲ.

2018ರ ಫೆಬ್ರವರಿ 6ರ ಸುಪ್ರೀಂ ಕೋರ್ಟ್ ತೀರ್ಪು ಇದರ ಅತ್ಯಂತ ಸ್ಪಷ್ಟ ರೂಪ. ಒಬ್ಬ 2007ರಲ್ಲಿ ಕಾರು ಮಾರಿದ. ಅದು ಎರಡನೆಯವನಿಂದ ಮೂರನೆಯವನಿಗೆ, ಅವನಿಂದ ಮುಂದಕ್ಕೆ ಎಂದು ಹಲವು ಕೈ ದಾಟಿತು. ಆರ್‌ಸಿ ಪುಸ್ತಕದಲ್ಲಿ ಮೊದಲನೆಯವನ ಹೆಸರೇ ಉಳಿಯಿತು. 2009ರಲ್ಲಿ ಹಿಮ್ಮುಖವಾಗಿ ಚಲಿಸಿದ ಆ ಕಾರು ಒಂದು ಜೀವ ತೆಗೆಯಿತು. ವಿಮೆಯೂ ಇರಲಿಲ್ಲ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಕೊನೆಯ ಖರೀದಿದಾರನನ್ನು ಹೊಣೆ ಮಾಡಿತ್ತು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಪುಸ್ತಕದಲ್ಲಿ ಹೆಸರಿರುವ ಮೊದಲನೆಯವನೇ ಪರಿಹಾರ ಕೊಡಬೇಕೆಂದಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಬರೆದ ಆ ತೀರ್ಪಿನ ತಿರುಳು ನಮ್ಮ ಮೂರನೆಯವನೇ: ಜೀವ ಕಳೆದುಕೊಂಡವನ ಮನೆಯವರು ಕಾರು ಯಾರಿಂದ ಯಾರಿಗೆ ಹೋಯಿತೆಂದು ಸರಪಳಿ ಹಿಡಿದು ಅಲೆಯುವಂತಾಗಬಾರದು.

ಕಠಿಣವೆನಿಸಬಹುದು. ನನಗೂ ಒಂದು ಕಾಲಕ್ಕೆ ಹಾಗೆನಿಸಿತ್ತು. ಎರಡು ವರ್ಷದ ಹಿಂದೆ ಮಾರಿ, ಹಣ ಎಣಿಸಿಕೊಂಡು, ಕಣ್ಣಿನಿಂದಲೂ ಕಾಣದ ಕಾರಿಗೆ ಹೊಣೆಯಾಗುವುದೆಂದರೇನು? ಆದರೆ ಸರಪಳಿಯನ್ನು ಮುರಿಯುವ ಶಕ್ತಿ ಇದ್ದದ್ದು ಅವನೊಬ್ಬನಿಗೇ. 50ನೆಯ ಕಲಮಿನ ಪ್ರಕಾರ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನದಲ್ಲಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು, ಕೊಂಡವನು ಮೂವತ್ತು ದಿನದಲ್ಲಿ. ನಮ್ಮಲ್ಲಿ ನಡೆಯುವುದು ಏನೆಂದು ತಾವು ಬಲ್ಲಿರಿ. ಖಾಲಿ 29, 30ನೆಯ ನಮೂನೆಗಳ ಮೇಲೆ ಸಹಿ ಹಾಕಿ, 'ನೀ ಯಾವಾಗರೆ ಮಾಡಿಸ್ಕೋ' ಎಂದು ಗೆಳೆಯನ ಕೈಗಿಡುತ್ತೇವೆ. ಆ ಕಾಗದ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ವರ್ಷಗಟ್ಟಲೆ ಮಲಗುತ್ತದೆ. ಕೆಎ-27 ಎಂಬ ಸಂಖ್ಯೆಯ ಹಿಂದೆ ನಮ್ಮ ಹೆಸರೇ ಎದ್ದು ಕೂತಿರುತ್ತದೆ.

ಈ ಉಪನ್ಯಾಸ ದತ್ತಿ ಉಪನ್ಯಾಸ. ದತ್ತಿ ಎಂದರೆ ಕೊಟ್ಟದ್ದು. ನಮ್ಮ ಸೀಮೆಯ ಗುಡಿಗಳ ಮುಂದೆ ನಿಂತಿರುವ ದತ್ತಿ ಶಾಸನಗಳನ್ನು ಓದಿದವರಿಗೆ ಗೊತ್ತು, ಕೊಡುವುದನ್ನು ಬಾಯಿಮಾತಿಗೆ ಬಿಡುವ ಜನ ನಾವಾಗಿರಲಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ತಿಥಿ, ಮೂಡಣ ಎಲ್ಲೆ ಯಾವುದು, ಪಡುವಣ ಎಲ್ಲೆ ಯಾವುದು ಎಂದು ಕಲ್ಲಿನಲ್ಲಿ ಕೊರೆಸುತ್ತಿದ್ದರು. ಅಳುಪಿದವರಿಗೆ ಶಾಪವನ್ನೂ ಸೇರಿಸುತ್ತಿದ್ದರು. ಆ ಶಾಪದ ಭಾಗವನ್ನು ಆರ್‌ಟಿಓ ನಮೂನೆಯಲ್ಲಿ ಬಿಟ್ಟಿದ್ದಾರೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ.

ನೋಂದಾಯಿತ ಮಾಲೀಕನೇ ಹೊಣೆ ಎಂಬ ಈ ನಿಯಮಕ್ಕೆ ಒಂದು ಅಪವಾದವೂ ಇದೆ. ಚುನಾವಣೆ ಕೆಲಸಕ್ಕೆಂದು ಸರಕಾರ ಖಾಸಗಿ ವಾಹನವನ್ನು ವಶಕ್ಕೆ ತೆಗೆದುಕೊಂಡಾಗ ಆದ ಅಪಘಾತಕ್ಕೆ ಸರಕಾರವೇ ಹೊಣೆ, ನೋಂದಾಯಿತ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಇಲ್ಲವೆನ್ನುವ ಆಯ್ಕೆ ಮಾಲೀಕನಿಗೆ ಅಲ್ಲಿಲ್ಲ. ಗೆಳೆಯನಿಗೆ ಕೊಡುವಾಗ ಆ ಆಯ್ಕೆ ಇರುತ್ತದೆ, ಬಳಸುವುದು ಕಷ್ಟವಾದರೂ ಸಹ.

ಈವರೆಗೆ ಕೊಟ್ಟವನ ಹೊಣೆಯನ್ನೇ ಹೇಳಿದೆ. ಪಡೆದವನಿಗೆ ಏನಾದರೂ ಆದರೆ? ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ನೋವಿನ ಭಾಗ ಇದು, ಮತ್ತು ಇದರ ಮುಖ್ಯ ತೀರ್ಪು ನಮ್ಮ ನಾಡಿನಿಂದಲೇ ಹೋದದ್ದು. ಒಬ್ಬಾತ ಗೆಳೆತನದ ಮೇಲೆ ಮೋಟಾರ್ ಸೈಕಲ್ ಕೈಗಡ ಪಡೆದು ಇಳಕಲ್ಲಿನಿಂದ ತನ್ನೂರಾದ ಗುಡೂರಿಗೆ ಹೊರಟಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿ ಒಮ್ಮೆಲೇ ನಿಂತಿತು. ಗಾಡಿ ಅದಕ್ಕೆ ಬಡಿದು ಅವನು ತೀರಿಕೊಂಡ. ಹೆಂಡತಿ ಮಕ್ಕಳು ಆ ಮೋಟಾರ್ ಸೈಕಲ್ಲಿನ ವಿಮಾ ಕಂಪನಿಯಿಂದ ಪರಿಹಾರ ಕೇಳಿದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರ ಮೇ ತಿಂಗಳಲ್ಲಿ ಬಂದ ತೀರ್ಪು ಹೇಳಿದ್ದಿಷ್ಟು: ವಾಹನವನ್ನು ಕೈಗಡ ಪಡೆದವನು ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಮಾಲೀಕ ತನ್ನ ವಿಮೆಗೆ ತಾನೇ ಮೂರನೆಯವನಾಗಲಾರ. ಆದ್ದರಿಂದ ತಪ್ಪು ತೋರಿಸದೆ ಪರಿಹಾರ ಪಡೆಯುವ ಆಗಿನ 163-ಎ ಕಲಮಿನಡಿ ಅವನ ಮನೆಯವರ ಬೇಡಿಕೆ ನಿಲ್ಲದು. ಬೇರೆ ಕಲಮಿನಡಿ ಪರಿಶೀಲಿಸಲು ಪ್ರಕರಣ ಹೈಕೋರ್ಟಿಗೆ ಮರಳಿತು. 2020ರ ಜನವರಿಯಲ್ಲಿ ರಾಜಸ್ಥಾನದ ಪ್ರಕರಣವೊಂದರಲ್ಲೂ ಸುಪ್ರೀಂ ಕೋರ್ಟು ಇದೇ ತತ್ವವನ್ನು ಅನುಸರಿಸಿತು.

ಈ ತರ್ಕ ಎತ್ತ ಒಯ್ಯುತ್ತದೆಂದು ನೋಡಿ. ಗೆಳೆಯನ ಗಾಡಿ ಬೀದಿಯ ಅಪರಿಚಿತನಿಗೆ ಬಡಿದರೆ ಅಪರಿಚಿತನಿಗೆ ರಕ್ಷಣೆಯಿದೆ. ಓಡಿಸುತ್ತಿದ್ದ ಗೆಳೆಯನೇ ಸತ್ತರೆ ಅವನ ಮನೆಗೆ ಆ ರಕ್ಷಣೆಯಿಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ ಎಂದರೆ, ಅದನ್ನು ಬರೆದಿರುವುದು ನೋಂದಾಯಿತ ಮಾಲೀಕನ ಹೆಸರಿಗೆ, ಕೈಗಡದವನ ಹೆಸರಿಗಲ್ಲ. ಜೊತೆಗೆ ಕೂತವರ ಪಾಡೂ ಪಾಲಿಸಿಯ ಬಗೆಯನ್ನು ಅವಲಂಬಿಸಿದೆ. ಕಡಿಮೆ ಕಂತಿನ ಥರ್ಡ್ ಪಾರ್ಟಿ ಪಾಲಿಸಿಯೊಂದೇ ಇದ್ದರೆ ಖಾಸಗಿ ವಾಹನದಲ್ಲಿ ಪುಕ್ಕಟೆ ಕೂತು ಬಂದವರು ಅದರೊಳಗೆ ಬರುವುದಿಲ್ಲ ಎಂಬುದು 2006ರಿಂದ ನೆಲೆಗೊಂಡ ಮಾತು. ಮದುವೆಗೆ ಬೀಗರನ್ನು ತರಲು ಕಾರು ಕೊಡುವವರು ತಮ್ಮದು ಪ್ಯಾಕೇಜ್ ಪಾಲಿಸಿಯೇ ಎಂದು ತೆಗೆದು ನೋಡಬೇಕಾದ್ದು ಇದಕ್ಕಾಗಿ. ಕೈಗಡ ಒಯ್ಯುವವನಿಗೆ ಬ್ಯಾಂಕಿನಲ್ಲಿ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ; ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದ ಸಾವಿಗೆ 2 ಲಕ್ಷ. ಸಣ್ಣ ಮೊತ್ತ, ಒಪ್ಪುತ್ತೇನೆ. ಆದರೆ ಅದು ಯಾರ ಗಾಡಿ ಓಡಿಸುತ್ತಿದ್ದೆ ಎಂದು ಕೇಳುವುದಿಲ್ಲ.

ಅಪರಾಧ ಕಾನೂನಿನ ಮಾತು ಚಿಕ್ಕದಾಗಿ. ಅಜಾಗರೂಕತೆಯಿಂದ ಒಬ್ಬನ ಸಾವಿಗೆ ಕಾರಣನಾದ ತಪ್ಪು ಓಡಿಸಿದವನದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಡಿ ಅವನ ಮೇಲೆ ಮೊಕದ್ದಮೆ. ಕೊಟ್ಟವನು ಕೊಟ್ಟ ಕಾರಣಕ್ಕೆ ಅದರಲ್ಲಿ ಆರೋಪಿಯಾಗುವುದಿಲ್ಲ. ಆದರೆ ಅಂದು ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಕೇಳಿದರೆ 133ನೆಯ ಕಲಮಿನ ಪ್ರಕಾರ ಮಾಲೀಕ ಹೇಳಲೇಬೇಕು. ಗೆಳೆಯನನ್ನು ಉಳಿಸಲು ತಾನೇ ಓಡಿಸಿದೆ ಎನ್ನುವುದು, ಅಥವಾ ಲೈಸೆನ್ಸ್ ಇರುವ ಮತ್ತೊಬ್ಬನನ್ನು ತಂದು ನಿಲ್ಲಿಸುವುದು ನಮ್ಮಲ್ಲಿ ದೊಡ್ಡತನವೆಂದು ತಿಳಿದವರಿದ್ದಾರೆ. ಅದು ಸುಳ್ಳು ಸಾಕ್ಷ್ಯ, ಬೇರೆಯೇ ಅಪರಾಧ. ವಾಹನದಲ್ಲಿ ಗಾಂಜಾದಂಥ ಮಾದಕ ವಸ್ತು ಸಿಕ್ಕರೆ 1985ರ ಕಾನೂನಿನಂತೆ ವಾಹನವೇ ಮುಟ್ಟುಗೋಲಿಗೆ ಒಳಗಾಗಬಹುದು. ತನಗೆ ಗೊತ್ತಿರಲಿಲ್ಲ, ತಕ್ಕ ಎಚ್ಚರವನ್ನೂ ವಹಿಸಿದ್ದೆ ಎಂದು ಮಾಲೀಕನೇ ತೋರಿಸಿ ಬಿಡಿಸಿಕೊಳ್ಳಬೇಕು.

ಇದನ್ನೆಲ್ಲ ಕೇಳಿ 'ಹಾಗಾದರೆ ಕೊಡುವುದೇ ಬೇಡವೇ' ಎಂದು ತಾವು ಕೇಳಬಹುದು. ಕಾನೂನು ಹಾಗೆ ಹೇಳಿಲ್ಲ, ನಾನೂ ಹೇಳಲಾರೆ. ಕಿಮ್ಸ್‌ಗೆ ಹೋಗಬೇಕಾದ ಬಸುರಿಯ ಮನೆಯವರಿಗೆ ಚಾವಿ ಕೊಡದ ಊರಿನಲ್ಲಿ ಇರಲು ನನಗಿಷ್ಟವಿಲ್ಲ. ನಾವು ಬಿಡಬೇಕಾದ್ದು ಕೇಳುವ ಸಂಕೋಚವನ್ನು. ಎತ್ತು ಕೊಡುವಾಗ ಹೂಡುವವರು ಯಾರು, ಯಾವ ಹೊಲ, ಎಷ್ಟು ಹೊತ್ತು ಎಂದು ಕೇಳಿದರೆ ಯಾರೂ ಸಿಟ್ಟಾಗುತ್ತಿರಲಿಲ್ಲ. ಲೈಸೆನ್ಸ್ ತೋರಿಸು ಎಂದರೆ ಸಿಟ್ಟಾಗುತ್ತಾರೆ, ಏಕೆಂದರೆ ಆ ಕಾಗದವನ್ನು ನಾವು ಪೊಲೀಸರಿಗೆ ತೋರಿಸುವ ವಸ್ತುವೆಂದು ತಿಳಿದಿದ್ದೇವೆ. ಅದನ್ನು ಮೂರನೆಯವನ ಪರವಾಗಿ ಕೇಳುತ್ತಿದ್ದೇವೆ ಎಂದು ಗೆಳೆಯನಿಗೆ ತಿಳಿಸಿದರೆ ಸಿಟ್ಟು ಇಳಿದೀತು.

ಪಡೆಯುವವನಿಗೂ ಇದೇ ಹಕ್ಕಿದೆ. ಗಾಡಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಅವನು ಕೇಳಬಹುದು, ಕೇಳಬೇಕು. ವಿಮೆಯಿಲ್ಲದ ವಾಹನ ಓಡಿಸುವುದು ಅವನ ಪಾಲಿಗೂ ಅಪರಾಧ. ನಡುರಾತ್ರಿ ಕಪಾಟು ತೆರೆದು ಕಾಗದ ಹುಡುಕುವ ಕಾಲವೂ ಈಗಿಲ್ಲ. ಆರ್‌ಸಿ, ವಿಮೆ, ಲೈಸೆನ್ಸ್ ಮೂರೂ ಡಿಜಿಲಾಕರ್ ಮತ್ತು ಎಂಪರಿವಾಹನ್‌ನಲ್ಲಿ ಫೋನಿನಲ್ಲೇ ಕಾಣಿಸುತ್ತವೆ, ಮತ್ತು ಕೇಂದ್ರದ ನಿಯಮಗಳೂ ಅವನ್ನು ಮಾನ್ಯ ಮಾಡುತ್ತವೆ. ಒಳಗಿನಿಂದ ಬಸುರಿಯನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂರಿಸುವಷ್ಟರಲ್ಲಿ ಇಬ್ಬರೂ ಒಬ್ಬರಿಗೊಬ್ಬರು ತೋರಿಸಿ ಮುಗಿಸಬಹುದು.